ಮಗಳಿಗೊಂದು ಪತ್ರ: ‘ದಟ್’ ಮಾಡುವ ಎರಡು ಕೆಲಸ

ಪ್ರೀತಿಯ ಮಗಳೇ,

ಇಂಗ್ಲಿಷ್‌ನಲ್ಲಿ ರಿಲೇಟಿವ್ ಪ್ರೊನೌನ್ (‘ಹೂ’, ‘ವಿಚ್’ನಂಥ ಸಂಬಂಧವಾಚಕ ಸರ್ವನಾಮ), ಕಂಜಂಕ್ಷನ್ (‘ಬಿಕಾಸ್’, ‘ಬಟ್’ನಂಥ ಜೋಡಿಸುವ ಪದ) ಎರಡೂ ಉಪವಾಕ್ಯಗಳನ್ನು ಜೋಡಿಸುವುದಾದರೆ ಅವನ್ನು ಬೇರೆ ಬೇರೆ ಪಾಠಗಳಲ್ಲಿ ಏಕೆ ಕಲಿಸುತ್ತಾರೆ ಎಂದು ನೀನು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. ಕಂಜಂಕ್ಷನ್ ಎರಡು ಉಪವಾಕ್ಯಗಳನ್ನು ಕೂಡಿಸಿ ಸುಮ್ಮನಾಗುತ್ತದೆ. ರಿಲೇಟಿವ್ ಪ್ರೊನೌನ್ ಕೂಡಿಸುವುದರ ಜೊತೆಗೆ ತನ್ನ ಉಪವಾಕ್ಯದೊಳಗೆ ಕರ್ತೃವಿನದೋ ಕರ್ಮದ್ದೋ ಸ್ಥಾನವನ್ನೂ ತುಂಬುತ್ತದೆ. ‘ಶಿ ಸ್ಟೇಡ್ ಇನ್ ಬಿಕಾಸ್ ಇಟ್ ರೇನ್ಡ್’ ಎಂಬಲ್ಲಿ ‘ಬಿಕಾಸ್’ ತೆಗೆದರೂ ‘ಇಟ್ ರೇನ್ಡ್’ ಪೂರ್ಣ ವಾಕ್ಯವಾಗಿ ನಿಲ್ಲುತ್ತದೆ. ‘ದ ಗರ್ಲ್ ಹೂ ವನ್ ದ ರೇಸ್’ ಎಂಬಲ್ಲಿ ‘ಹೂ’ ಬಿಟ್ಟು ಉಪವಾಕ್ಯವನ್ನಷ್ಟೇ ಓದು: ‘ವನ್ ದ ರೇಸ್’ ಉಳಿಯುತ್ತದೆ, ಗೆದ್ದವರು ಯಾರೆಂಬುದೇ ಇರುವುದಿಲ್ಲ. ‘ಹೂ ಶಿ ವನ್ ದ ರೇಸ್’ ಎಂದು ಬರೆಯಬಾರದೆನ್ನುವುದೂ ಇದೇ ಕಾರಣಕ್ಕೆ; ಕರ್ತೃವಿನ ಸ್ಥಾನ ಆಗಲೇ ಭರ್ತಿಯಾಗಿದೆ.

ನಿಜವಾದ ತೊಡಕಿರುವುದು ‘ದಟ್’ನಲ್ಲಿ, ಏಕೆಂದರೆ ಅದು ಎರಡೂ ಕೆಲಸಕ್ಕೆ ಒದಗುತ್ತದೆ. ‘ದ ನ್ಯೂಸ್ ದಟ್ ಶಿ ಬ್ರಾಟ್’, ‘ದ ನ್ಯೂಸ್ ದಟ್ ಶಿ ಹ್ಯಾಡ್ ವನ್’ ಎಂಬಿವೆರಡೂ ನೋಡಲು ಅವಳಿಗಳಂತಿವೆ. ಮೊದಲನೆಯದರಲ್ಲಿ ‘ಬ್ರಾಟ್’ ಎಂಬ ಕ್ರಿಯಾಪದಕ್ಕೆ ಬೇಕಾದ ಕರ್ಮ ‘ದಟ್’ ಆಗಿರುವುದರಿಂದ ಅದು ರಿಲೇಟಿವ್ ಪ್ರೊನೌನ್, ಅದರ ಬದಲು ‘ವಿಚ್’ ಹಾಕಬಹುದು. ಎರಡನೆಯದರಲ್ಲಿ ‘ಶಿ ಹ್ಯಾಡ್ ವನ್’ ತನ್ನಷ್ಟಕ್ಕೆ ಪೂರ್ಣವಾಗಿದ್ದು ಸುದ್ದಿ ಏನೆಂಬುದನ್ನು ಹೇಳುತ್ತದೆ. ಅಲ್ಲಿ ‘ದಟ್’ ಕೇವಲ ಕಂಜಂಕ್ಷನ್, ‘ವಿಚ್’ ಹೊಂದುವುದಿಲ್ಲ. ಕನ್ನಡದಲ್ಲಿ ‘ಅವಳು ತಂದ ಸುದ್ದಿ’, ‘ಅವಳು ಗೆದ್ದ ಸುದ್ದಿ’ ಎಂದು ಎರಡಕ್ಕೂ ಒಂದೇ ರೂಪ ಸಾಕಾಗುವುದರಿಂದ ಈ ಭೇದ ನಮ್ಮ ಕಣ್ಣಿಗೆ ಬೇಗ ಬೀಳುವುದಿಲ್ಲ. ಆದರೆ ‘ಗೆದ್ದಳೆಂಬ ಸುದ್ದಿ’ ಎಂದರೂ ಅರ್ಥ ಕೆಡುವುದಿಲ್ಲ, ‘ತಂದಳೆಂಬ ಸುದ್ದಿ’ ಎಂದರೆ ಬೇರೆಯೇ ಮಾತಾಗುತ್ತದೆ. ವ್ಯಾಕರಣದ ಪುಸ್ತಕಗಳು ಕೊಡುವ ಸೂತ್ರಗಳಿಗಿಂತ ಈ ‘ಎಂಬ’ದ ಪರೀಕ್ಷೆ ನಮಗೆ ಹೆಚ್ಚು ಕೈಹಿಡಿಯುತ್ತದೆಂದು ನನಗನ್ನಿಸುತ್ತದೆ.

‘ದ ಬುಕ್ ಐ ಬಾಟ್’ ಎಂಬಲ್ಲಿ ರಿಲೇಟಿವ್ ಪ್ರೊನೌನ್ ಕಾಣದಿದ್ದರೆ ಗಾಬರಿಯಾಗಬೇಡ. ಅದು ಕರ್ಮಸ್ಥಾನದಲ್ಲಿದ್ದಾಗ ಬಿಡುವುದುಂಟು, ಕರ್ತೃಸ್ಥಾನದಲ್ಲಿದ್ದಾಗ ಸಾಮಾನ್ಯವಾಗಿ ಬಿಡುವಂತಿಲ್ಲ. ‘ಆಲ್‌ದೋ’ದಿಂದ ಆರಂಭಿಸಿದ ವಾಕ್ಯದ ನಡುವೆ ‘ಬಟ್’ ತರಬಾರದು, ಒಂದು ಜೋಡಣೆಗೆ ಒಂದೇ ಕಂಜಂಕ್ಷನ್ ಸಾಕು.

ಅಲ್ಪವಿರಾಮವನ್ನು ಮಾತ್ರ ಹಗುರವಾಗಿ ಕಾಣಬೇಡ. ‘ದ ಸ್ಟೂಡೆಂಟ್ಸ್ ಹೂ ಫಿನಿಶ್ಡ್ ಅರ್ಲಿ ವೆಂಟ್ ಹೋಮ್’ ಎಂದರೆ ಬೇಗ ಮುಗಿಸಿದವರಷ್ಟೇ ಮನೆಗೆ ಹೋದರು. ‘ಹೂ’ಗೆ ಮೊದಲು, ‘ಅರ್ಲಿ’ಯ ನಂತರ ಅಲ್ಪವಿರಾಮ ಬಿದ್ದರೆ ಎಲ್ಲರೂ ಬೇಗ ಮುಗಿಸಿದರು, ಎಲ್ಲರೂ ಹೋದರು ಎಂದಾಗುತ್ತದೆ. ಹಾಗೆ ಅಲ್ಪವಿರಾಮಗಳ ನಡುವೆ ಬರುವ ಉಪವಾಕ್ಯದಲ್ಲಿ ‘ಹೂ’, ‘ವಿಚ್’ ಬಳಸು, ‘ದಟ್’ ಬೇಡ.

ಇಂತಿ,
ನಿನ್ನ ಅಮ್ಮ