ಹದಿಮೂರನೆಯ ಫಾರಂ ಎಲ್ಲಿ?

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ನೀವು ಹೊಗಳಿದ ಹೊಸ ಪುಸ್ತಕಗಳಲ್ಲಿ ನಾಲ್ಕನ್ನು ಗ್ರಂಥಾಲಯದಿಂದ ತಂದು ಓದಿದೆ. ನಿನ್ನೆ ರಾತ್ರಿ ಪತ್ತೇದಾರಿ ಕಾದಂಬರಿಯ ಸರದಿ. ಕೊಲೆಗಾರ ಇನ್ನೇನು ಸಿಕ್ಕಿಬೀಳಬೇಕು, 192ನೆಯ ಪುಟ ಮಗುಚಿದರೆ ಮತ್ತೆ 177! ಒಟ್ಟಿಗೆ ಮಡಿಸಿ ಹೊಲಿಯುವ ಹದಿನಾರು ಪುಟಗಳ ಕಂತೆಗೆ ಫಾರಂ ಎನ್ನುತ್ತಾರೆ; ಒಂದೇ ಫಾರಂ ಎರಡು ಸಲ ಸೇರಿಸಿ ಹೊಲಿದಿದ್ದಾರೆ. 193ರಿಂದ 208ರವರೆಗಿನ ಹದಿಮೂರನೆಯದು ಇಲ್ಲವೇ ಇಲ್ಲ. ಒಂದೂವರೆ ಗಂಟೆವರೆಗೆ ನಿದ್ದೆಗೆಟ್ಟದ್ದು ಇದಕ್ಕೇ? ಬೆಳಿಗ್ಗೆ ಹಿಂದಿರುಗಿಸಲು ಹೋದರೆ ಅಧಿಕಾರಿ 'ಬಂದದ್ದೇ ಹಾಗೆ' ಎಂದರು. ಸಾಲದ್ದಕ್ಕೆ, ಪುಟಗಳನ್ನು ನಾನು ಹರಿದಿಲ್ಲವೆಂದು ನನ್ನಿಂದಲೇ ಬರೆಸಿಕೊಂಡರು.

ವಿಜ್ಞಾನದ ಪುಸ್ತಕ ಇನ್ನೂ ಹೆಚ್ಚು ಸಿಟ್ಟು ತರಿಸಿತು. 'ಕೋಟಿ ಜ್ಯೋತಿರ್ವರ್ಷಗಳ ಹಿಂದೆ' ಎಂದು ಮೂರು ಕಡೆ ಬರೆದಿದೆ. ಜ್ಯೋತಿರ್ವರ್ಷ ಕಾಲವಲ್ಲ, ದೂರ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಮಕ್ಕಳೂ ಓದುವ ಪುಸ್ತಕವಿದು! ಕೊನೆಯಲ್ಲಿ ಪದಸೂಚಿಯೂ ಇಲ್ಲ. ನಿಮ್ಮ ವಿಮರ್ಶಕರಿಗೆ ಮಾತ್ರ ಇದು 'ಸಂಗ್ರಹಯೋಗ್ಯ'. ಅವರು ಬೆನ್ನುಡಿ ದಾಟಿ ಒಳಗೆ ಹೋಗಿದ್ದರೇ?

ಅನುವಾದಿತ ಆತ್ಮಕಥೆ ಚೆನ್ನಾಗಿದೆ. ಮಾತು ಎಲ್ಲೂ ತಡವರಿಸುವುದಿಲ್ಲ. ಆದರೆ ಅಷ್ಟು ದುಡಿದ ಅನುವಾದಕರ ಹೆಸರು ಮುಖಪುಟದಲ್ಲಿಲ್ಲ, ಹಕ್ಕುಗಳ ಪುಟದಲ್ಲಿ ಇರುವೆಗಾತ್ರದ ಅಕ್ಷರದಲ್ಲಿದೆ. ಕಥಾಸಂಕಲನವಂತೂ ನಾಲ್ಕರಲ್ಲೂ ಶ್ರೇಷ್ಠ. ತಾಯಿಯ ಪೆಟ್ಟಿಗೆ ತೆರೆಯಲಾಗದ ಮಗಳ ಕಥೆಯನ್ನು ಎರಡು ಸಲ ಓದಿದೆ, ಎರಡು ಸಲವೂ ಕಣ್ಣು ತುಂಬಿತು. ಅದಕ್ಕೆ ನೀವು ಕೊಟ್ಟದ್ದು ಎರಡು ಸಾಲು.

ಆ ಸಂಕಲನ ಹುಡುಕಲು ನಾಲ್ಕು ದಿನ ಅಲೆದಿದ್ದೇನೆ. ಗ್ರಂಥಾಲಯಗಳು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಸಾಹಿತ್ಯಕ್ಕೆ 800, ಸಸ್ಯಗಳಿಗೆ 580. ಹೆಸರಿನಲ್ಲಿ ಮರವಿದೆಯೆಂದು ಕಥೆಗಳನ್ನು 580ರ ಕಪಾಟಿಗೆ ತುರುಕಿದ್ದರು. ಹಿಂದಿದ್ದ ಅಧಿಕಾರಿಯ ಕಾಲದಲ್ಲೂ ಇದೇ ಗೋಳು. ಆಗ ಕೊಟ್ಟ ಎರಡು ದೂರುಗಳಿಗೆ ಇವತ್ತಿಗೂ ಉತ್ತರವಿಲ್ಲ. ನಮ್ಮ ದೇಶದವರೇ ಆದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಗ್ರಂಥಾಲಯದ ಐದು ಸೂತ್ರಗಳನ್ನು 1931ರಲ್ಲೇ ಪುಸ್ತಕವಾಗಿ ಕೊಟ್ಟರು. ನಾಲ್ಕನೆಯದು, ಓದುಗರ ಸಮಯ ಉಳಿಸಿ ಎಂಬುದು. ಕುರ್ಚಿಯಲ್ಲಿ ಕೂತವರು ಅದನ್ನಾದರೂ ಓದಬೇಡವೇ?

ಪುಸ್ತಕ ಕೊಳ್ಳುವ ಮುನ್ನ ಯಾರಾದರೂ ಪುಟ ಎಣಿಸಲಿ. ವಿಮರ್ಶಕರು ಪೂರ್ತಿ ಓದಿ ಬರೆಯಲಿ. ಸಂಬಂಧಪಟ್ಟವರು ಕೂಡಲೇ ಏನಾದರೂ ಮಾಡಲಿ. ಮೊದಲು ನನಗೆ ಆ ಹದಿನಾರು ಪುಟ ಬೇಕು.

– ನೊಂದ ಓದುಗ