ಹಾಡು ಬಾರದ ಹುಡುಗರ ಹಿಪ್‌ಹಾಪ್

ಮಾನ್ಯ ಸಂಪಾದಕರೇ,

ವಾರಕ್ಕೊಂದು ಸಂಜೆ ಅಭ್ಯಾಸಕ್ಕೆ ಸಭಾಗೃಹ ಕೊಡಿ ಎಂದು ನಮ್ಮ ಉಪನಗರದ ಕನ್ನಡ ಸಂಘವೊಂದನ್ನು ಕೇಳಿದ ಏಳೆಂಟು ಹುಡುಗರಿಗೆ, ನನ್ನ ಮೊಮ್ಮಗನೂ ಅವರಲ್ಲೊಬ್ಬ, 'ಬೈಗುಳದ ಹಾಡಿಗೆ ಇಲ್ಲಿ ಜಾಗವಿಲ್ಲ' ಎಂಬ ಉತ್ತರ ಸಿಕ್ಕಿತು. ಸೋಜಿಗವೆಂದರೆ ಅವರಲ್ಲಿ ಹಾಡುವವರು ಒಬ್ಬರೂ ಇಲ್ಲ. ಎಲ್ಲರೂ ಹಿಪ್‌ಹಾಪ್‌ನ ಕುಣಿತವಾದ ಬ್ರೇಕಿಂಗ್ ಕುಣಿಯುವವರು.

ಹಿಪ್‌ಹಾಪ್ ಎಂದರೆ ರ‍್ಯಾಪ್ ಎಂಬ, ತಾಳಕ್ಕೆ ಪ್ರಾಸದ ಮಾತು ಪೋಣಿಸುವ ಹಾಡೊಂದೇ ಎಂದುಕೊಳ್ಳುವವರು ಆ ಸಂಘದವರಷ್ಟೇ ಅಲ್ಲ. ಧಾರಾವಿಯ ರ‍್ಯಾಪ್ ಸಿನಿಮಾದವರ ಕಣ್ಣಿಗೆ ಬಿದ್ದ ಮೇಲೆ ಮುಂಬಯಿಯ ಬಹುಪಾಲು ಜನ ಹಾಗೆಯೇ ತಿಳಿದಿದ್ದಾರೆ. ಹಿಪ್‌ಹಾಪ್‌ನ ಕಥೆಯನ್ನು 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಹೊಂದಿಸಲೆಂದು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಏರ್ಪಡಿಸಿದ ಪಾರ್ಟಿಯಿಂದ ಆರಂಭಿಸುವುದು ರೂಢಿ. ಅಲ್ಲಿ ಹಾಡು ನುಡಿಸಿದವನು ಜಮೈಕಾದಲ್ಲಿ ಹುಟ್ಟಿದ ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಗಾಯನ ನಿಂತು ಬರೀ ತಾಳ ಉಳಿಯುವ ಆ ಕೆಲವೇ ಕ್ಷಣಗಳಿಗಾಗಿ ಕುಣಿಯುವವರು ಕಾದಿರುತ್ತಾರೆಂಬುದನ್ನು ಗಮನಿಸಿದ ಆತ, ಒಂದೇ ಗ್ರಾಮೊಫೋನ್ ತಟ್ಟೆಯ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಹಿಡಿದು ಹಿಗ್ಗಿಸುವ ಉಪಾಯ ಕಂಡುಕೊಂಡ. ಆ 'ಬ್ರೇಕ್'ಗೆ ಕುಣಿದವರೇ ಬಿ-ಬಾಯ್, ಬಿ-ಗರ್ಲ್‌ಗಳು. ರ‍್ಯಾಪ್ ಪೂರ್ಣವಾಗಿ ಬಲಿತದ್ದು ಆಮೇಲೆ. ಡಿಜೆ, ಕುಣಿತ, ರ‍್ಯಾಪ್‌ಗಳ ಜೊತೆಗೆ ಗೋಡೆಬರಹವೂ ಹಿಪ್‌ಹಾಪ್‌ನದೇ ಅಂಗ. ಇವೆಲ್ಲದರ ಹಿನ್ನೆಲೆಯ ಅರಿವನ್ನು ಐದನೆಯ ಅಂಗವೆಂದು ಎಣಿಸುವವರೂ ಇದ್ದಾರೆ. ಭಾಗವತರ ಪದವನ್ನಷ್ಟೇ ರೇಡಿಯೊದಲ್ಲಿ ಕೇಳಿ ಯಕ್ಷಗಾನ ನೋಡಿದೆ ಎನ್ನುವವರನ್ನು ನಾವು ಒಪ್ಪುತ್ತೇವೆಯೇ?

ಸಂಘದ ಬಾಗಿಲು ಮುಚ್ಚಿದ್ದರಿಂದ ಹುಡುಗರು ಈಗ ಮೇಲ್ಸೇತುವೆಯಡಿ ಹಳೆಯ ಚುನಾವಣಾ ಫ್ಲೆಕ್ಸ್ ಹಾಸಿಕೊಳ್ಳುತ್ತಾರೆ. ಹರಿದ ಕಾಲುಚೀಲ ಕತ್ತರಿಸಿ ಮೊಣಕೈಗೆ ತೊಟ್ಟ ಹುಡುಗನೊಬ್ಬ ಬೆನ್ನ ಮೇಲೆ ಗಿರ್ರನೆ ಸುತ್ತುವಾಗ ಉಳಿದವರು ವರ್ತುಲವಾಗಿ ನಿಂತು ಚಪ್ಪಾಳೆ ತಟ್ಟುತ್ತಾರೆ; ಅದಕ್ಕೆ ಅವರು 'ಸೈಫರ್' ಎನ್ನುತ್ತಾರೆ. ಎದುರಾಳಿಯನ್ನು ಕೆಣಕಬಹುದು, ಮೈ ಮುಟ್ಟುವಂತಿಲ್ಲ. ಸ್ಪರ್ಧೆಯಲ್ಲಿ ಡಿಜೆ ಯಾವ ಹಾಡು ಹಾಕುವನೆಂದು ಮೊದಲೇ ತಿಳಿದಿರುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬ್ರೇಕಿಂಗ್ ಸ್ಪರ್ಧೆಯಲ್ಲೂ ಹಾಗೆಯೇ ಇತ್ತು. ತಾಳಮದ್ದಳೆಯಲ್ಲಿ ಎದುರಾಳಿಯ ಮಾತಿಗೆ ಸ್ಥಳದಲ್ಲೇ ಉತ್ತರ ಹೊಳೆಯಿಸಬೇಕಾದ ಅರ್ಥಧಾರಿಯ ಪಾಡು ನನಗಂತೂ ನೆನಪಾಯಿತು. ಹಾಗೆಂದು 'ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು' ಎಂಬ ಜಂಬ ಬೇಡ, ಅದರ ಹಟ್ಟಿ ಬೇರೆ, ಹಸಿವು ಬೇರೆ.

ರ‍್ಯಾಪ್‌ನಲ್ಲಿ ಬೈಗುಳವಿದೆ, ಹೆಂಗಸರನ್ನು ಹೀಗಳೆಯುವ ಸಾಲುಗಳೂ ಇವೆ. ಅವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಸೋಮವಾರದಿಂದ ಶುಕ್ರವಾರದವರೆಗೆ ಬೀಗ ಜಡಿದೇ ಇರುವ ಆ ಸಭಾಗೃಹವನ್ನು ಒಂದು ಸಂಜೆ ತೆರೆಯಲು ಪದಾಧಿಕಾರಿಗಳು ಮತ್ತೊಮ್ಮೆ ಯೋಚಿಸಲಿ. ಬೀಗದ ಕೈ ನನ್ನ ಬಳಿಯಿರಲಿ, ಹೊರಡುವ ಮುನ್ನ ನೆಲ ಒರೆಸುವ ಹೊಣೆಯೂ ನನ್ನದೇ.

— ನಿವೃತ್ತ ರಾತ್ರಿಶಾಲೆ ಶಿಕ್ಷಕ, ಮುಂಬಯಿ