ಬಟ್ಟಲಲ್ಲಿ ಉಳಿದ ಅರ್ಧ ಮೂಡೆ

ಪ್ರೀತಿಯ ಪುಟ್ಟಿ,

ಅಷ್ಟಮಿಯ ಮರುದಿನ, ವಿಟ್ಲಪಿಂಡಿಯ ರಾತ್ರಿ, ಎಲೆಯಲ್ಲಿ ಬೇಯಿಸಿದ ಮೂಡೆ ಕಡುಬು ಅರ್ಧ ಬಟ್ಟಲಲ್ಲೇ ಬಿಟ್ಟು ನೀನು ಎದ್ದೆ. ನಿನ್ನನ್ನು ಬಸ್ಸು ಹತ್ತಿಸಿ ಬಂದಾಗ ಅಮ್ಮ ಅದನ್ನು ಎಸೆಯದೆ ಮುಚ್ಚಿಟ್ಟಿದ್ದಳು. ಯಾರು ಎಷ್ಟು ಕೂಗಿದರು ಅಂತ ಇಬ್ಬರಿಗೂ ಗೊತ್ತು, ಅದು ಬೇಡ. ಒಂದು ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಸಾಲ ಮಾಡಿ ಗ್ಲಾಸ್ಗೋಗೆ ಓದಲು ಹೋಗುವ ಮಾತು ಬಂದಾಗ ನೀನು "ಐ ಆಮ್ ಹಂಗ್ರಿ ಫಾರ್ ದಿಸ್, ಅಪ್ಪಾ" ಅಂದೆ. ನಾನು "ಹಸಿವು ಅಂದರೆ ಏನು ಅಂತ ಗೊತ್ತುಂಟಾ ನಿನಗೆ?" ಅಂತ ಗದರಿದೆ. ಸಾಲದ್ದಕ್ಕೆ, ಜಗಿಯಲಾಗದಷ್ಟು ಬಾಯಿಗೆ ಹಾಕಿಕೊಳ್ಳಬೇಡ ಅನ್ನುವ ಆ ಇಂಗ್ಲಿಷ್ ಮಾತನ್ನೂ ಹೇಳಿದೆ. ಆಗ ನಿನ್ನ ಬಾಯಲ್ಲಿ ತುತ್ತಿತ್ತು.

ಒಬ್ಬ ಹುಡುಗನ ವಿಷಯ ನಿನಗೆ ಹೇಳಿರಲಿಲ್ಲ. 1998ರ ಮಳೆಗಾಲ, ಆಟಿ ತಿಂಗಳು. ನಾನು ಇಂಗ್ಲಿಷ್ ಕಲಿಸುತ್ತಿದ್ದದ್ದು ಉಡುಪಿ ಹತ್ತಿರದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ. ಬಿಸಿಯೂಟ ಇರಲಿಲ್ಲ, ಹೈಸ್ಕೂಲಿಗೆ ಅದು ಬಂದದ್ದು 2007ರಲ್ಲಿ. ಮಳೆ ಹಿಡಿದರೆ ದೋಣಿ ಕಡಲಿಗೆ ಇಳಿಯುವುದಿಲ್ಲ, ಕೂಲಿಯೂ ಇಲ್ಲ. ಎಷ್ಟೋ ಮನೆಗಳಲ್ಲಿ ಗಂಜಿ, ಹಲಸಿನ ಬೀಜ, ತಿಮರೆ ಚಟ್ನಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಇಷ್ಟರಲ್ಲೇ ದಿನ ಹೋಗಬೇಕು. ಮಧ್ಯಾಹ್ನದ ಮೊದಲ ಪಿರಿಯಡ್‌ನಲ್ಲಿ "ಐ ಆಮ್ ಸೋ ಹಂಗ್ರಿ ಐ ಕುಡ್ ಈಟ್ ಎ ಹಾರ್ಸ್" ಅಂತ ಬೋರ್ಡಿನಲ್ಲಿ ಬರೆದೆ. ಕುದುರೆ ತಿನ್ನುವುದಾ ಅಂತ ಕ್ಲಾಸೇ ನಕ್ಕಿತು. ನಮ್ಮಲ್ಲಿ ಹೊಟ್ಟೆ ತಾಳ ಹಾಕುತ್ತದೆ ಅಂತೇವಲ್ಲ, ಹಾಗೆ ಅಂತ ವಿವರಿಸಿದೆ. ಹಿಂದಿನ ಬೆಂಚಿನ ಒಬ್ಬ ನಗಲಿಲ್ಲ. ಎಬ್ಬಿಸಿ, ನೀನೊಂದು ವಾಕ್ಯ ಮಾಡು ಅಂದೆ. ಅವನು ಬೆಂಚು ಹಿಡಿದುಕೊಂಡು ನಿಂತ. "ಸಾರ್, ಹಸಿವಾಗುವಾಗ ಅಷ್ಟು ಉದ್ದ ಮಾತಾಡ್ಲಿಕ್ಕೆ ಆಗ್ತದಾ?"

ಅಧಿಕಪ್ರಸಂಗ ಅಂದುಕೊಂಡೆ. ಗಂಟೆ ಹೊಡೆಯುವವರೆಗೆ ನಿಲ್ಲಿಸಿದೆ. ಅವನು ಬೆಂಚು ಬಿಡಲೇ ಇಲ್ಲ. ಆಮೇಲೆ ನೋಡಿದರೆ ಬಾವಿಕಟ್ಟೆಯಲ್ಲಿ ಕೊಡಪಾನ ಎತ್ತಿ ನೀರು ಕುಡಿಯುತ್ತಿದ್ದ. ಕುಡಿದ, ನಿಂತ, ಪುನಃ ಕುಡಿದ. ಆಗ ಗೊತ್ತಾಯಿತು. ಮರುದಿನ ಬುತ್ತಿಯಲ್ಲಿ ನಾಲ್ಕು ದೋಸೆ ಜಾಸ್ತಿ ಹಾಕಿಸಿಕೊಂಡು ಹೋದೆ. ಅವನು ಬರಲಿಲ್ಲ. ಆ ವಾರ ಇಡೀ ಬರಲಿಲ್ಲ. ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದನಂತೆ. ಅಲ್ಲಿ ಹೊಟ್ಟೆ ತುಂಬ ಊಟ ಸಿಕ್ಕಿರಬಹುದು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೂ ಯಾರು ಹಸಿವು ಅಂದರೂ ಮೊದಲು ಕಾಣುವುದು ಬೆಂಚಿನ ಮೇಲಿನ ಆ ಎರಡು ಕೈ.

ತುಳುವಿನಲ್ಲಿ ಹಸಿವಿಗೆ ಬಡವು ಅಂತಾರಲ್ಲ. ನಿನ್ನ ಅಜ್ಜಿ "ಬಡವಾಪುಂಡಾ?" ಅಂತ ಕೇಳಿದಾಗೆಲ್ಲ ನನಗೆ ಕನ್ನಡದ ಬಡವನೂ ಕೇಳಿಸುತ್ತಿದ್ದ. ಇನ್ನು ಆಸೆಯ ವಿಷಯಕ್ಕೆ ಬಂದರೆ ನಾವು ದಾಹ ಅನ್ನುವುದೇ ಹೆಚ್ಚು, ಅದೂ ಬೈಯುವಾಗ. ಹಣದಾಹ, ಅಧಿಕಾರದಾಹ. ಇಂಗ್ಲಿಷಿನಲ್ಲಿ ಹಾಗಲ್ಲ, ಹಂಗ್ರಿ ಅನ್ನುವುದು ಹೊಗಳಿಕೆಯೂ ಹೌದು. ನಿನ್ನ ಕೋಣೆಯ ಗೋಡೆಯಲ್ಲೇ "ಸ್ಟೇ ಹಂಗ್ರಿ" ಉಂಟು, ಸ್ಟೀವ್ ಜಾಬ್ಸ್ 2005ರಲ್ಲಿ ಸ್ಟ್ಯಾನ್‌ಫರ್ಡ್ ಮಕ್ಕಳಿಗೆ ಹೇಳಿದ್ದು. 31 ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಎರಡೂ ಅರ್ಥ ನನಗೆ ಗೊತ್ತು. ಆದರೆ ಮಗಳು ಊಟಕ್ಕೆ ಕೂತು ಹೇಳಿದಾಗ ಒಂದೇ ಅರ್ಥ ಕೇಳಿಸಿತು. ತಪ್ಪು ನನ್ನದು, ಪುಟ್ಟಿ.

ಸಾಲದ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಿಲ್ಲ. 18 ಲಕ್ಷ ಸಣ್ಣದಲ್ಲ. ಕೇಕ್ ತಿನ್ನಲೂ ಬೇಕು, ಕೈಯಲ್ಲಿ ಉಳಿಯಲೂ ಬೇಕು ಅಂದರೆ ಹೇಗೆ ಅಂತ ಇಂಗ್ಲಿಷಿನವರ ಗಾದೆಯೇ ಉಂಟು. ಜಾನ್ ಹೇವುಡ್ 1546ರಲ್ಲೇ ಅದನ್ನು ಬರೆದಿಟ್ಟಿದ್ದಾನೆ. ನಿನ್ನ ಉಳಿತಾಯವೂ ಅಷ್ಟೇ. ಫೀಸಿಗೂ ಅದೇ, ಆಪತ್ತಿಗೂ ಅದೇ ಅಂತ ಲೆಕ್ಕ ಹಾಕಬೇಡ. ಮೂರು ತಿಂಗಳ ಖರ್ಚು ಬೇರೆಯೇ ಇಡು. ದುಡ್ಡು ಉಳಿಸಲು ಊಟ ಬಿಡಬೇಡ. ಬೆಳಿಗ್ಗೆ ಬರೇ ಕಾಫಿ ಕುಡಿದು ಓಡಬೇಡ. ಗ್ಲಾಸ್ಗೋದಲ್ಲಿ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಕತ್ತಲಲ್ಲಿ ಒಬ್ಬಳೇ ರೂಮಿಗೆ ಬಂದು, ಒಲೆ ಹಚ್ಚಲು ಬೇಜಾರಾಗಿ ಹಾಗೇ ಮಲಗುತ್ತೀಯೋ ಅಂತ ನನಗೆ ಹೆದರಿಕೆ. ಸಾಲಕ್ಕಿಂತ ಇದೇ ಹೆದರಿಕೆ ಜಾಸ್ತಿ.

ನಿನ್ನೆ ನಿನ್ನ ಸೀಟಿನ ಪತ್ರ ಪುನಃ ಓದಿದೆ. ಕಡಲ್ಕೊರೆತದ ಬಗ್ಗೆ ಓದಲು ಹೋಗುತ್ತಿದ್ದೀಯಲ್ಲ, ಆಗ ಉಳ್ಳಾಲ ನೆನಪಾಯಿತು. ನಿನಗೆ ಆರನೇ ಕ್ಲಾಸ್. ತೆಂಗಿನ ಮರವೊಂದು ಬುಡ ಸಮೇತ ನೀರಿಗೆ ಬಿದ್ದಿತ್ತು. ನೀನು ನನ್ನ ಅಂಗಿ ಎಳೆದು "ಅಪ್ಪಾ, ಕಡಲಿಗೆ ಎಷ್ಟು ಹಸಿವು ಅಲ್ವಾ?" ಅಂದಿದ್ದೆ. ಅವತ್ತು ನಾನು ಗದರಲಿಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿ, ನನ್ನ ಮಗಳ ಮಾತು ನೋಡಿ ಅಂದಿದ್ದೆ.

ಅಮ್ಮ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಅಷ್ಟಮಿಯ ಚಕ್ಕುಲಿ ಕಟ್ಟಿದ್ದಾಳೆ. ಇವತ್ತು ರಾತ್ರಿಯ ಬಸ್ಸಿನಲ್ಲಿ ಈ ಪತ್ರದ ಜೊತೆ ಕಳಿಸುತ್ತೇನೆ. ಪೆಟ್ಟಿಗೆ ಭಾರ ಆದರೆ ಪುಸ್ತಕ ತೆಗೆ, ಅಕ್ಕಿ ತೆಗೆಯಬೇಡ. ಪುಸ್ತಕ ನಾನು ಆಮೇಲೆ ಕಳಿಸುತ್ತೇನೆ.

ಗುರುವಾರ ಏರ್‌ಪೋರ್ಟಿಗೆ ನಾನು ಬರಬಹುದಾ? ಬೇಡ ಅಂತಾದರೆ ಒಂದು ಮೆಸೇಜ್ ಹಾಕು. ಏನೂ ಬಾರದಿದ್ದರೆ ಬುಧವಾರ ರಾತ್ರಿ ಹೊರಡುತ್ತೇನೆ.

ನಿನ್ನ
ಅಪ್ಪ